ಸಂಜೆಯಾದರೆ ಕೂಗುತ್ತಿದ್ದ ದೊಡ್ಡಣ್ಣ: ಕರಾವಳಿಯ ಒಂದು ಸಣ್ಣ ವಸತಿಮನೆಯ ಪ್ರಕರಣ

ಇದು ಉತ್ತರ ಕನ್ನಡದ ಕರಾವಳಿಯ ಒಂದು ವಸತಿಮನೆಯಲ್ಲಿ ನಡೆದದ್ದು. ಬೌದ್ಧಿಕ ವಿಕಲತೆ ಇರುವ ಒಂಬತ್ತು ಗಂಡಸರು ಅಲ್ಲಿದ್ದಾರೆ. ಊರು, ಟ್ರಸ್ಟ್, ಆಸ್ಪತ್ರೆ ಯಾವುದರ ಹೆಸರನ್ನೂ ಹೇಳುವುದಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಯಾರ ಕಥೆಯೋ ಅವರನ್ನು ಇಲ್ಲಿ ದೊಡ್ಡಣ್ಣ ಎಂದು ಕರೆಯುತ್ತೇನೆ. ಅವರ ತಮ್ಮನನ್ನೂ ಮನೆ ನಡೆಸುವವರನ್ನೂ ಕೇಳಿಯೇ ಬರೆಯುತ್ತಿದ್ದೇನೆ, ದೊಡ್ಡಣ್ಣನಿಗೂ ಹೇಳಿದ್ದೇನೆ.

ನಾನು ವಿಶೇಷ ಶಿಕ್ಷಕಿ. ಇಂಥ ಮನೆಗಳಿಗೆ ಹೋಗಿ ಅಲ್ಲಿನ ಕೆಲಸದವರ ಜೊತೆ ಕೂತು, ಯಾರಿಗೆ ಏನು ಬೇಕು, ದಿನ ಹೇಗೆ ಸಾಗಬೇಕು ಎಂದು ನೋಡುವುದು ನನ್ನ ಕೆಲಸ. ಇದನ್ನು ಬರೆಯಲು ಕಾರಣ ಇಷ್ಟೇ: ವಯಸ್ಕ ನಿವಾಸಿಯೊಬ್ಬರ ನಡವಳಿಕೆ ಕೆಟ್ಟರೆ ಬಹಳ ಕಡೆ ಮೊದಲು ಮಾತ್ರೆ ಬರುತ್ತದೆ, ಆಮೇಲೆ ಚಿಲಕ ಬರುತ್ತದೆ, ಕೊನೆಗೆ ಮನೆಯವರಿಗೆ ಫೋನ್ ಹೋಗುತ್ತದೆ, ಇವರನ್ನು ಕರೆದುಕೊಂಡು ಹೋಗಿ ಎಂದು. ಇಲ್ಲೂ ಹಾಗೇ ಆಗುವುದರಲ್ಲಿತ್ತು. ಔಷಧಗಳ ಹೆಸರು ಹೇಳುತ್ತಿರುವುದು ಪ್ರಕರಣ ಅರ್ಥವಾಗಲಿ ಎಂದು ಮಾತ್ರ. ಇದನ್ನು ಓದಿ ಯಾರೂ ಯಾರ ಮಾತ್ರೆಯನ್ನೂ ತಾವಾಗಿ ನಿಲ್ಲಿಸಬೇಡಿ.

ದೊಡ್ಡಣ್ಣನಿಗೆ ನಲವತ್ತು ದಾಟಿದೆ. ಡೌನ್ ಸಿಂಡ್ರೋಮ್ ಇದೆ. ಮಾತು ಕಮ್ಮಿ, ಆದರೆ ನಾವು ಹೇಳಿದ್ದು ಚೆನ್ನಾಗಿ ಅರ್ಥವಾಗುತ್ತದೆ. ಅವರದು ಘಟ್ಟದ ಮೇಲೆ, ಶಿರಸಿ ಕಡೆಯ ಅಡಿಕೆ ತೋಟದ ಮನೆ. ತಾಯಿ ಇದ್ದಷ್ಟು ದಿನ ಅವರಿಗೆ ಅಲ್ಲೇ ಕೈತುಂಬ ಕೆಲಸವಿತ್ತು. ಅಂಗಳದಲ್ಲಿ ಒಣಹಾಕಿದ ಅಡಿಕೆ ಕಾಯುವುದು, ಬಿದ್ದದ್ದು ಹೆಕ್ಕುವುದು, ಬಚ್ಚಲ ಒಲೆಗೆ ಸೋಗೆ ತಂದು ಹಾಕುವುದು. ತಾಯಿ ತೀರಿಕೊಂಡ ಮೇಲೆ ತೋಟ, ಮಕ್ಕಳ ಓದು, ಹಾಸಿಗೆ ಹಿಡಿದ ತಂದೆ ಎಲ್ಲ ಒಬ್ಬ ತಮ್ಮನ ಮೇಲೆ ಬಿತ್ತು. ಸುತ್ತಲಿನ ಮನೆಗಳಲ್ಲಿ ಹರೆಯದವರೆಲ್ಲ ಬೆಂಗಳೂರು ಸೇರಿದ್ದಾರೆ, ಒಂದು ಹೊತ್ತು ನೋಡಿಕೊಳ್ಳಿ ಎಂದು ಕೇಳಲೂ ಜನ ಇಲ್ಲ. ತಮ್ಮ ಅಣ್ಣನನ್ನು ಕೈಬಿಟ್ಟ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಸೇರಿಸಿದ ಮೇಲೂ ಅವರು ತಿಂಗಳಿಗೊಮ್ಮೆ ದೇವಿಮನೆ ಘಟ್ಟ ಇಳಿದು ಬಂದು ಹೋಗುತ್ತಿದ್ದರು.

ವಸತಿಮನೆಯೂ ಕೆಟ್ಟದ್ದೇನಲ್ಲ. ಇದನ್ನು ಒತ್ತಿ ಹೇಳಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ನೋಂದಣಿ ಆಗಿದೆ. ಮನೆ ಸ್ವಚ್ಛ, ಊಟ ಹೊತ್ತಿಗೆ ಸರಿಯಾಗಿ, ಹಾಜರಿ ಪುಸ್ತಕ, ಮಾತ್ರೆ ಪುಸ್ತಕ ಎಲ್ಲ ಇದೆ. ಹಗಲು ಇಬ್ಬರು ಹೆಂಗಸರು, ಅಡುಗೆಗೆ ಒಬ್ಬರು, ರಾತ್ರಿ ಒಬ್ಬ ಗಂಡಸು. ಯಾರೂ ಯಾರಿಗೂ ಹೊಡೆಯುತ್ತಿರಲಿಲ್ಲ. ದುಡ್ಡು ಬರುವುದು ಹೆಚ್ಚಾಗಿ ದಾನಿಗಳಿಂದ. ಹುಟ್ಟುಹಬ್ಬದ ದಿನ ಬಂದು ಊಟ ಹಾಕಿಸುವವರು, ಫ್ಯಾನ್ ಕೊಡಿಸುವವರು, ಗೋಡೆಗೆ ಬಣ್ಣ ಹೊಡೆಸುವವರು. ಆ ವರ್ಷ ಮಳೆಗಾಲಕ್ಕೆ ಮುಂಚೆ ಒಬ್ಬ ದಾನಿ ಮನೆಯೊಳಗೇ ಹೊಸ ಬಾತ್‌ರೂಮ್ ಕಟ್ಟಿಸಿಕೊಟ್ಟರು. ಟೈಲ್ಸ್, ಬಿಸಿನೀರಿನ ಗೀಸರ್, ಕಮೋಡ್. ಮನೆಯ ಹಿಂದೆ ಹತ್ತು ಹೆಜ್ಜೆ ದೂರದಲ್ಲಿದ್ದ ಹಳೆಯ ಸಂಡಾಸಿಗೆ ಬೀಗ ಹಾಕಿದರು. ಅದಕ್ಕೂ ಒಳ್ಳೆಯ ಕಾರಣವೇ ಇತ್ತು. ನಮ್ಮ ಕರಾವಳಿಯ ಮಳೆ ಗೊತ್ತಲ್ವಾ, ಜೂನ್ ಬಂತೆಂದರೆ ಹಿತ್ತಿಲ ಕಲ್ಲೆಲ್ಲ ಪಾಚಿ ಕಟ್ಟುತ್ತದೆ, ಹಿಂದಿನ ವರ್ಷ ಒಬ್ಬರು ಜಾರಿ ಬಿದ್ದು ಕೈ ಮುರಿದುಕೊಂಡಿದ್ದರು.

ಆ ಬೀಗದ ಬಗ್ಗೆ ಆಗ ಯಾರೂ ಎರಡನೇ ಸಲ ಯೋಚಿಸಲಿಲ್ಲ.

ತೊಂದರೆ ಶುರುವಾದದ್ದು ಜೂನ್ ಕೊನೆಗೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ದೊಡ್ಡಣ್ಣ ಕೂಗಲು ಶುರು ಮಾಡುತ್ತಿದ್ದರು. ರಾತ್ರಿ ಗಂಜಿಯ ತಟ್ಟೆ ದೂಡುವುದು, ತನ್ನ ಕೈಯನ್ನೇ ಕಚ್ಚಿಕೊಳ್ಳುವುದು. ಒಂದು ದಿನ ಬಟ್ಟೆ ಬದಲಿಸಲು ಹೋದ ಹೆಂಗಸಿಗೆ ಜೋರಾಗಿ ಹೊಡೆದರು, ಅವರ ಕನ್ನಡಕ ಮುರಿಯಿತು. ದಿನಚರಿ ಪುಸ್ತಕದಲ್ಲಿ ಆ ವಾರಗಳ ಪುಟ ತೆಗೆದರೆ ಒಂದೇ ಒಂದು ಮಾತು: ‘ಹಠ ಮಾಡಿದರು’, ‘ಇವತ್ತೂ ಹಠ’. ಯಾವಾಗ, ಯಾವುದರ ನಂತರ, ಎಷ್ಟು ಹೊತ್ತು, ಏನು ಮಾಡಿದಾಗ ನಿಂತಿತು, ಒಂದೂ ಇಲ್ಲ.

ಮೊದಲು ಊರಿನ ಡಾಕ್ಟರು ನಿದ್ರೆಗೆ ಕೊಟ್ಟರು. ಸರಿಹೋಗಲಿಲ್ಲ. ನಮ್ಮ ಜಿಲ್ಲೆಯ ಪಾಡು ಗೊತ್ತಿದ್ದದ್ದೇ. ದೊಡ್ಡ ಕಾಯಿಲೆ ಎಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೆ ಗೋವಾ. ಒಂದು ದೊಡ್ಡ ಆಸ್ಪತ್ರೆಗೆ ಗಾಡಿ ಮಾಡಿಕೊಂಡು ಹೋದರು. ಜೊತೆಗೆ ಹೋದವರು ಯಾರು? ಡ್ರೈವರ್ ಮತ್ತು ಕೆಲಸಕ್ಕೆ ಸೇರಿ ಇನ್ನೂ ಒಂದು ತಿಂಗಳಾಗದ ಹುಡುಗಿ. ಉಳಿದವರು ಬಂದರೆ ಮನೆಯಲ್ಲಿ ಎಂಟು ಜನರನ್ನು ನೋಡುವವರಿಲ್ಲ. ಮನೋವೈದ್ಯರು ಕೇಳಿದ ಪ್ರಶ್ನೆಗಳಿಗೆ ಆ ಹುಡುಗಿಗೆ ಗೊತ್ತಿದ್ದ ಉತ್ತರ ಒಂದೇ, ಹೊಡೆಯುತ್ತಾರೆ ಸರ್. ರಿಸ್ಪೆರಿಡೋನ್ ಎಂಬ ಮನೋರೋಗದ ಮಾತ್ರೆ ಶುರುವಾಯಿತು. ಅದರಿಂದ ಕೈಕಾಲು ಬಿಗಿಯಾಗಬಾರದು ಎಂದು ಜೊತೆಗೆ ಟ್ರೈಹೆಕ್ಸಿಫೆನಿಡಿಲ್. ಡಾಕ್ಟರನ್ನು ದೂರಿ ಪ್ರಯೋಜನವಿಲ್ಲ, ಅವರ ಮುಂದೆ ಇದ್ದ ಮಾಹಿತಿಯೇ ಅಷ್ಟು.

ಎರಡನೇ ಸಲ ಹೋದಾಗ ಡೋಸ್ ಏರಿತು. ಬೇರೊಬ್ಬ ಡಾಕ್ಟರು ಮರೆವಿನ ಕಾಯಿಲೆಯ ಶುರುವೂ ಇರಬಹುದು ಎಂದರು. ಇದು ಗಾಳಿಮಾತಲ್ಲ. ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೇ ವರ್ಣತಂತು ಮೂರು ಇರುತ್ತದೆ. ಅಲ್ಝೈಮರ್ ಎಂಬ ಮರೆವಿನ ಕಾಯಿಲೆಯಲ್ಲಿ ಮಿದುಳಲ್ಲಿ ಶೇಖರವಾಗುವ ಅಮೈಲಾಯ್ಡ್ ಎಂಬ ಪ್ರೋಟೀನ್‌ಗೆ ಮೂಲವಾದ ಜೀನ್ ಇರುವುದೂ ಅದೇ ವರ್ಣತಂತುವಿನಲ್ಲಿ. ಹಾಗಾಗಿ ಅವರಿಗೆ ಆ ಕಾಯಿಲೆ ಬೇರೆಯವರಿಗಿಂತ ಎಷ್ಟೋ ಮುಂಚೆ ಬರಬಹುದು. ಆದರೆ ಇರಬಹುದು ಎಂಬ ಮಾತು ಮನೆಗೆ ಬಂದು ತಲುಪುವಷ್ಟರಲ್ಲಿ ಇದೆ ಎಂದಾಗಿತ್ತು. ಇನ್ನು ಇವರು ಹೀಗೇ ಎಂದು ಎಲ್ಲರೂ ಒಳಗೊಳಗೇ ತೀರ್ಮಾನ ಮಾಡಿಬಿಟ್ಟರು.

ಮಾತ್ರೆಯಿಂದ ಹಗಲೆಲ್ಲ ಮಂಪರು, ಸಂಜೆ ಮತ್ತೆ ಅದೇ ಕೂಗು. ಬೇರೆಯವರು ಹೆದರುತ್ತಾರೆ ಎಂದು ಸಂಜೆ ಹೊತ್ತು ಅವರನ್ನು ಕೊನೆಯ ಕೋಣೆಯಲ್ಲಿ ಕೂರಿಸಿ ಹೊರಗಿನಿಂದ ಚಿಲಕ ಹಾಕತೊಡಗಿದರು. ಯಾರೂ ಕೂತು ತೆಗೆದುಕೊಂಡ ತೀರ್ಮಾನವಲ್ಲ ಅದು. ಒಂದು ದಿನ ಹಾಕಿದರು, ಮಾರನೇ ದಿನವೂ ಹಾಕಿದರು, ಹದಿನೈದು ದಿನದಲ್ಲಿ ಅದೇ ಪದ್ಧತಿಯಾಯಿತು. ಒಳ್ಳೆಯ ಮನೆ ಹಾಳಾಗುವುದನ್ನು ನಾನು ನೋಡಿರುವುದು ಹೆಚ್ಚಾಗಿ ಈ ರೀತಿಯಲ್ಲೇ. ಕ್ರೂರಿಗಳು ಬಂದು ಕೆಡಿಸುವುದಿಲ್ಲ, ದಣಿದವರು ಒಂದೊಂದೇ ಸಂಜೆಯನ್ನು ಹೇಗೋ ದಾಟಿಸುತ್ತಾ ಹೋಗುತ್ತಾರೆ.

ಆಗಸ್ಟ್‌ನಲ್ಲಿ ಟ್ರಸ್ಟಿನವರು ತಮ್ಮನನ್ನು ಕರೆಸಿದರು. ನಾನೂ ಹೋಗಿದ್ದೆ. ಮನೆಗೆ ಕರೆದುಕೊಂಡು ಹೋಗಿ, ಇಲ್ಲವಾದರೆ ದೊಡ್ಡ ಸಂಸ್ಥೆಗೆ ಸೇರಿಸೋಣ, ನಮ್ಮ ಕೈಲಾಗುವುದಿಲ್ಲ ಎಂದರು. ತಮ್ಮ ಸುಮ್ಮನೆ ಕೂತಿದ್ದರು. ಮನೆಗೆ ಕರೆದುಕೊಂಡು ಹೋದರೆ ನಾನೂ ಕೋಣೆಯಲ್ಲಿ ಹಾಕಿ ಚಿಲಕ ಹಾಕಬೇಕಾಗುತ್ತದೆ, ಅಷ್ಟೇ ವ್ಯತ್ಯಾಸ ಎಂದರು. ಪೆಟ್ಟು ತಿಂದಿದ್ದ ಹೆಂಗಸು ಅಲ್ಲೇ ಇದ್ದರು. ಅವರ ಸಿಟ್ಟು ನ್ಯಾಯವಾದದ್ದೇ. ಅವರ ಕನ್ನಡಕಕ್ಕೆ ಯಾರೂ ದುಡ್ಡು ಕೊಟ್ಟಿರಲಿಲ್ಲ! ನಾನು ಮೊದಲು ಕೇಳಿದ್ದು ಅದನ್ನೇ. ಟ್ರಸ್ಟಿನವರು ಅಲ್ಲೇ ಕೊಟ್ಟರು. ಆಮೇಲೆಯೇ ಅವರು ನನ್ನ ಮಾತಿಗೆ ಕಿವಿಗೊಟ್ಟದ್ದು.

ನಾನು ಕೇಳಿಕೊಂಡದ್ದು ಮೂರು ವಾರದ ಅವಕಾಶ. ಆ ಅವಧಿಯಲ್ಲಿ ಕಳಿಸುವ ಮಾತಿಲ್ಲ, ಡೋಸ್ ಏರಿಸುವುದಿಲ್ಲ, ಚಿಲಕ ಇಲ್ಲ. ಬದಲಿಗೆ ಸಂಜೆ ಎರಡು ತಾಸಿಗೆ ಒಬ್ಬರು ಹೆಚ್ಚಿಗೆ ಇರಬೇಕು. ಅದರ ಖರ್ಚಿನ ಅರ್ಧ ತಮ್ಮ, ಅರ್ಧ ಟ್ರಸ್ಟ್. ಮತ್ತೆ ‘ಹಠ’ ಎಂದು ಬರೆಯುವುದು ನಿಲ್ಲಬೇಕು. ಕೂಗುವುದಕ್ಕೆ ಮೊದಲು ಏನಾಗುತ್ತಿತ್ತು, ಅವರು ಏನು ಮಾಡಿದರು, ಆಮೇಲೆ ನಾವು ಏನು ಮಾಡಿದೆವು. ಇದರ ಜೊತೆಗೆ ಊಟ, ನೀರು, ನಿದ್ರೆ, ಮಲ.

ರಾತ್ರಿಯವರು ನನಗೆ ಬರೆಯಲು ಬರುವುದಿಲ್ಲ ಎಂದರು. ಹಾಗಾಗಿ ಗೋಡೆಯ ಕ್ಯಾಲೆಂಡರನ್ನೇ ಬಳಸಿದೆವು. ಕೂಗಿದರೆ ಆ ದಿನದ ಚೌಕದಲ್ಲಿ ಗೀಟು, ಸಂಡಾಸು ಆದರೆ ಕಪ್ಪು ಚುಕ್ಕೆ, ಊಟ ಬಿಟ್ಟರೆ ಸೊನ್ನೆ. ಪುಸ್ತಕದಲ್ಲಿ ಹಗಲಿನವರು ಬರೆದದ್ದು ಉಪಯೋಗಕ್ಕೆ ಬಂತು. ಆದರೆ ಕಣ್ಣಿಗೆ ಹೊಡೆದು ಕಂಡದ್ದು ಕ್ಯಾಲೆಂಡರ್. ಹತ್ತು ದಿನದಲ್ಲಿ ಗೀಟುಗಳು ತುಂಬಿದ್ದವು, ಚುಕ್ಕೆ ಇದ್ದದ್ದು ಒಂದೇ.

ಅದನ್ನು ನೋಡಿ ಮೊದಲು ಮಾತಾಡಿದವರೂ ರಾತ್ರಿಯವರೇ. ‘ಅಂವ ಮೊದಲೆಲ್ಲ ಊಟಕ್ಕೆ ಮುಂಚೆ ಹಿಂದಿನ ಸಂಡಾಸಿಗೆ ಹೋಗ್ತಿದ್ದ. ಈಗ ಬೀಗದ ಹತ್ರ ಹೋಗಿ ನಿಂತು ವಾಪಸ್ ಬರ್ತಾನೆ’ ಎಂದರು. ಅಡುಗೆಯವರು ಇನ್ನೊಂದು ಹೇಳಿದರು. ಸಂಜೆ ಹೊತ್ತು ದೊಡ್ಡಣ್ಣ ಹಿತ್ತಿಲ ಜಗಲಿ ಕಟ್ಟೆಯ ಮೇಲೆ ಹೊಟ್ಟೆ ಒತ್ತಿ ಕವುಚಿ ಮಲಗುತ್ತಾರಂತೆ. ಥಂಡಿ ಆಗುತ್ತದೆ ಎಂದು ಎಬ್ಬಿಸಲು ಹೋದರೆ ಕೂಗು ಶುರು. ಇವೆರಡೂ ಅವರಿಗೆ ಎಷ್ಟೋ ದಿನದಿಂದ ಗೊತ್ತಿತ್ತು. ಆದರೆ ಅಡುಗೆಯವರನ್ನು, ರಾತ್ರಿ ಕಾಯುವವರನ್ನು ಯಾರೂ ಕೇಳಿರಲಿಲ್ಲ. ಆಸ್ಪತ್ರೆಗೆ ಹೋದವರಿಗೆ ಇದು ಗೊತ್ತಿರಲಿಲ್ಲ, ಗೊತ್ತಿದ್ದವರು ಆಸ್ಪತ್ರೆಗೆ ಹೋಗಲಿಲ್ಲ. ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದು.

ಮಾರನೇ ದಿನವೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋದೆವು. ಈ ಸಲ ಜೊತೆಗೆ ಬಂದವರು ರಾತ್ರಿಯವರು, ಕೈಯಲ್ಲಿ ಕ್ಯಾಲೆಂಡರ್ ಹಾಳೆ. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದರು, ಎಕ್ಸ್‌ರೇ ತೆಗೆಸಿದರು. ಕರುಳಿನ ತುಂಬ ಮಲ ಗಟ್ಟಿಯಾಗಿ ನಿಂತಿತ್ತು. ಎರಡು ದಿನ ಅಲ್ಲೇ ಇಟ್ಟುಕೊಂಡು ಎನಿಮಾ ಕೊಟ್ಟು ತೆಗೆಸಿದರು. ಇದನ್ನು ಹಗುರವಾಗಿ ಓದಬೇಡಿ. ಬೌದ್ಧಿಕ ವಿಕಲತೆ ಇರುವವರಲ್ಲಿ ಮಲಬದ್ಧತೆ ತುಂಬಾ ಸಾಮಾನ್ಯ, ಗಮನಿಸದೆ ಬಿಟ್ಟರೆ ಕರುಳು ಕಟ್ಟಿ ಜೀವವೇ ಹೋಗಬಹುದು. ಹೊಟ್ಟೆ ನೋಯುತ್ತಿದೆ ಎಂದು ಮಾತಿನಲ್ಲಿ ಹೇಳಲಾಗದವರು ಅದನ್ನು ಮೈಯಿಂದಲೇ ಹೇಳುತ್ತಾರೆ. ದೊಡ್ಡಣ್ಣ ದಿನಾ ಸಂಜೆ ಹೇಳುತ್ತಿದ್ದದ್ದು ಅದನ್ನೇ.

ಕಾರಣಗಳು ಒಂದರ ಮೇಲೊಂದು ಕೂತಿದ್ದವು. ಅವರು ಹುಟ್ಟಿದಾಗಿನಿಂದ ಕುಕ್ಕರಗಾಲಲ್ಲಿ ಕೂತು ಅಭ್ಯಾಸ. ಕಮೋಡ್ ಮೇಲೆ ಕೂತರೆ ಕಾಲು ನೆಲಕ್ಕೆ ತಾಗುವುದಿಲ್ಲ, ಏಕೆಂದರೆ ಅವರು ಗಿಡ್ಡ. ತೂಗುವ ಕಾಲಲ್ಲಿ ಹೆದರಿಕೆ, ಹಾಗಾಗಿ ಹೋಗುವುದನ್ನೇ ಬಿಟ್ಟು ತಡೆದುಕೊಂಡರು. ಮಳೆಗಾಲ ಎಂದು ಸಂಜೆಯ ನಡಿಗೆ ನಿಂತಿತ್ತು. ಅದರ ಮೇಲೆ ಟ್ರೈಹೆಕ್ಸಿಫೆನಿಡಿಲ್ ಬಂತು. ಅದಕ್ಕೆ ಕರುಳಿನ ಚಲನೆಯನ್ನು ನಿಧಾನ ಮಾಡುವ ಗುಣ ಇದೆ, ಕೆಲವರಿಗೆ ಗೊಂದಲವನ್ನೂ ತರುತ್ತದೆ. ಅಂದರೆ ಹೊಟ್ಟೆನೋವಿಗೆ ಕೂಗಿದರು, ಕೂಗಿದ್ದಕ್ಕೆ ಮಾತ್ರೆ ಬಂತು, ಜೊತೆಯ ಮಾತ್ರೆ ಹೊಟ್ಟೆಯನ್ನು ಇನ್ನಷ್ಟು ಕಟ್ಟಿತು, ಮತ್ತೆ ಕೂಗಿದರು, ಡೋಸ್ ಏರಿತು. ಆಸ್ಪತ್ರೆಯಲ್ಲೇ ಥೈರಾಯ್ಡ್ ನೋಡಿ ಎಂದು ಕೇಳಿಕೊಂಡೆವು. ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ಕಮ್ಮಿಯಾಗುವುದು ಜಾಸ್ತಿ, ಹಾಗಾಗಿ ಅದನ್ನು ಆಗಾಗ ನೋಡುತ್ತಿರಬೇಕು. ಇವರಿಗೆ ಅಲ್ಲಿಗೆ ಸೇರಿದ ಮೇಲೆ ಒಮ್ಮೆಯೂ ನೋಡಿರಲಿಲ್ಲ. ಕಮ್ಮಿಯೇ ಇತ್ತು. ಅದೂ ಮಲಬದ್ಧತೆ ತರುತ್ತದೆ, ಮಂಕು ತರುತ್ತದೆ. ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂದು ಬೇರ್ಪಡಿಸಲು ಆಗುವುದಿಲ್ಲ.

ಆಮೇಲಿನ ಕೆಲಸ ನಿಧಾನದ್ದು. ಮನೋವೈದ್ಯರ ಹತ್ತಿರ ಮತ್ತೆ ಹೋದೆವು, ಈ ಸಲ ಪುಸ್ತಕ, ಕ್ಯಾಲೆಂಡರ್, ಎಕ್ಸ್‌ರೇ ಎಲ್ಲ ತೆಗೆದುಕೊಂಡು. ಅವರು ಬಹಳ ಹೊತ್ತು ಓದಿದರು. ರಿಸ್ಪೆರಿಡೋನನ್ನು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಿದರು, ಒಮ್ಮೆಲೇ ಅಲ್ಲ. ಅದು ಇಳಿದ ಮೇಲೆ ಜೊತೆಯ ಮಾತ್ರೆಯನ್ನು ಹಂತಹಂತವಾಗಿ ನಿಲ್ಲಿಸಿದರು. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯವರು (ಪಬ್ಲಿಕ್ ಹೆಲ್ತ್ ಇಂಗ್ಲೆಂಡ್) 2015ರಲ್ಲಿ ಅಲ್ಲಿನ ಲೆಕ್ಕ ಹಾಕಿದಾಗ, ಬೌದ್ಧಿಕ ವಿಕಲತೆ ಇರುವ 30,000ದಿಂದ 35,000 ವಯಸ್ಕರು ತಮಗೆ ಇಲ್ಲದ ಕಾಯಿಲೆಯ ಮನೋರೋಗದ ಮಾತ್ರೆಗಳನ್ನು ದಿನಾ ನುಂಗುತ್ತಿದ್ದಾರೆ ಎಂದು ಅಂದಾಜು ಮಾಡಿದ್ದರು. ಅದನ್ನು ಇಳಿಸಲೆಂದೇ ಮುಂದಿನ ವರ್ಷ ಅಲ್ಲಿ ಸ್ಟಾಂಪ್ (STOMP) ಎಂಬ ಅಭಿಯಾನ ಶುರುವಾಯಿತು. ಅಷ್ಟು ಡಾಕ್ಟರು, ಅಷ್ಟು ದುಡ್ಡು ಇರುವ ದೇಶದಲ್ಲೇ ಹೀಗೆ ಆಗಿತ್ತು ಎಂದಾಗ, ನಮ್ಮ ಸಣ್ಣ ಮನೆಗಳ ಮಾತ್ರೆ ಪುಸ್ತಕಗಳನ್ನು ಒಮ್ಮೆ ಕೂತು ಓದಬೇಕು ಎಂದು ಅನ್ನಿಸುವುದಿಲ್ವಾ?

ಹಿಂದಿನ ಸಂಡಾಸಿನ ಬೀಗ ತೆಗೆಸುವುದು ಮಾತ್ರೆ ಇಳಿಸುವುದಕ್ಕಿಂತ ಕಷ್ಟವಾಯಿತು. ಹೊಸ ಬಾತ್‌ರೂಮಿನ ಬಾಗಿಲ ಮೇಲೆ ದಾನಿಯ ತಂದೆತಾಯಿಯ ಹೆಸರಿನ ಫಲಕ ಇದೆ. ಅವರಿಗೆ ಬೇಜಾರಾಗುತ್ತದೆ ಎಂದು ಟ್ರಸ್ಟಿನವರು ಹಿಂಜರಿದರು. ಕೊನೆಗೆ ತಮ್ಮನೇ ದಾನಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದರು. ದಾನಿ ಬಂದು ನೋಡಿ, ಹಿತ್ತಿಲ ದಾರಿಗೆ ಒರಟು ಕಲ್ಲು ಹಾಸಿಸಿ, ಮೇಲೆ ಶೀಟು ಹೊದಿಸಿ, ಹಿಡಿದುಕೊಳ್ಳಲು ಕಂಬಿ ಹಾಕಿಸಿಕೊಟ್ಟರು. ಕೇಳಿದ್ದರೆ ಮೊದಲೇ ಹೀಗೆ ಮಾಡುತ್ತಿದ್ದೆ ಎಂದರು. ಯಾರನ್ನು ಕೇಳಬೇಕಿತ್ತು ಎಂಬುದೇ ಇಲ್ಲಿನ ಪ್ರಶ್ನೆ. ಕಟ್ಟುವ ಮುಂಚೆ ಅಲ್ಲಿ ಕೂರಬೇಕಾದ ಒಂಬತ್ತು ಜನರಲ್ಲಿ ಒಬ್ಬರನ್ನೂ ಯಾರೂ ಕೇಳಿರಲಿಲ್ಲ. ಈಗ ಕಮೋಡ್ ಮುಂದೆಯೂ ಒಂದು ಮರದ ಮಣೆ ಇದೆ, ಕಾಲಿಡಲು. ಗಿಡ್ಡ ಇರುವ ಇನ್ನಿಬ್ಬರಿಗೆ ಅದು ಅನುಕೂಲವಾಗಿದೆ.

ಒಂದು ಕಾನೂನಿನ ತೊಡಕೂ ಬಂತು. ಆಸ್ಪತ್ರೆಯಲ್ಲಿ ಸಹಿ ಯಾರು ಮಾಡುತ್ತಾರೆ ಎಂದು ಕೇಳಿದರು. ತಮ್ಮ ಘಟ್ಟದ ಮೇಲಿದ್ದರು, ಮಳೆಗೆ ದಾರಿಯಲ್ಲಿ ಮರ ಬಿದ್ದು ಬಸ್ಸು ನಿಂತಿತ್ತು. ಡಾಕ್ಟರು ಕಾಯದೆ ಚಿಕಿತ್ಸೆ ಶುರು ಮಾಡಿದ್ದು ನಮ್ಮ ಪುಣ್ಯ. ಹದಿನೆಂಟು ದಾಟಿದವರ ಪರವಾಗಿ ಅಣ್ಣತಮ್ಮಂದಿರು ಸಹಿ ಮಾಡುವುದು ರೂಢಿ, ಆದರೆ ರೂಢಿಯೇ ಕಾನೂನಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಲ್ಲಿ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇದೆ, ಜಿಲ್ಲಾಧಿಕಾರಿ ಅದರಲ್ಲಿರುತ್ತಾರೆ, ಪಾಲಕತ್ವದ ಅರ್ಜಿ ಅಲ್ಲಿಗೆ ಹೋಗಬೇಕು. ನಮ್ಮವರಿಗೆ ಅದು ಕಾರವಾರ. ಅದೇ ಕಾಯ್ದೆಯಡಿ ‘ನಿರಾಮಯ’ ಎಂಬ ಆರೋಗ್ಯ ವಿಮೆ ಇದೆ, ಒಂದು ಲಕ್ಷ ರೂಪಾಯಿವರೆಗೆ. ತಮ್ಮನಿಗೆ ಎರಡೂ ಗೊತ್ತಿರಲಿಲ್ಲ. ಟ್ರಸ್ಟಿನವರಿಗೆ ಗೊತ್ತಿತ್ತು, ಆದರೆ ಸೇರಿಸಿಕೊಳ್ಳುವ ದಿನ ಹೇಳಿರಲಿಲ್ಲ. ಈಗ ಸೇರಿಸುವ ಅರ್ಜಿಯ ಜೊತೆಗೇ ಇವನ್ನೂ ಮಾಡಿಸುತ್ತಾರೆ.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಪೆಟ್ಟು ತಿಂದಿದ್ದ ಹೆಂಗಸು ಕೆಲವು ತಿಂಗಳ ನಂತರ ಕೆಲಸ ಬಿಟ್ಟರು. ದೊಡ್ಡಣ್ಣ ಈಗಲೂ ಒಮ್ಮೊಮ್ಮೆ ಸಂಜೆ ಕೂಗುತ್ತಾರೆ, ಹೆಚ್ಚಾಗಿ ಜನ ಜಾಸ್ತಿ ಸೇರಿದಾಗ, ಮೈಕು ಹಾಕಿದಾಗ. ಮರೆವಿನ ಕಾಯಿಲೆ ಮುಂದೆ ಬರಲಾರದು ಎಂದೂ ಅಲ್ಲ, ಅದನ್ನು ವರ್ಷಕ್ಕೊಮ್ಮೆ ನೋಡುತ್ತಿರಬೇಕು. ಆದರೆ ಚಿಲಕ ಹೋಗಿದೆ. ಬಡಗಿಯನ್ನು ಕರೆಸಿ ಕಿತ್ತೇ ಹಾಕಿದರು.

ದೊಡ್ಡ ಪೆಟ್ಟು ಬಿದ್ದದ್ದು ಮುಂದಿನ ವರ್ಷ. ರಾತ್ರಿಯವರಿಗೆ ಗೋಕರ್ಣದ ಒಂದು ರೆಸಾರ್ಟಿನಲ್ಲಿ ಇದಕ್ಕಿಂತ ಒಳ್ಳೆಯ ಸಂಬಳ ಸಿಕ್ಕಿತು, ಹೋದರು. ಅವರು ಹೋದ ವಾರದಿಂದಲೇ ಕ್ಯಾಲೆಂಡರ್ ಖಾಲಿ. ಹೊಸಬರಿಗೆ ಗೋಡೆಯ ಮೇಲಿನ ಚುಕ್ಕೆ ಏಕೆ ಎಂದೇ ಗೊತ್ತಿರಲಿಲ್ಲ. ಇಡೀ ಬದಲಾವಣೆ ಒಬ್ಬರ ಕಣ್ಣಿನ ಮೇಲೆ ನಿಂತಿತ್ತು ಎಂಬುದು ಆಗ ಎಲ್ಲರಿಗೂ ಕಂಡಿತು. ಅದಕ್ಕೆ ಟ್ರಸ್ಟಿನವರು ಎರಡು ಕೆಲಸ ಮಾಡಿದರು. ಬೆಳಿಗ್ಗೆ, ಸಂಜೆ ಪಾಳಿ ಬದಲಾಗುವಾಗ ಹೋಗುವವರು ಮತ್ತು ಬರುವವರು ಹದಿನೈದು ನಿಮಿಷ ಒಟ್ಟಿಗೆ ಕೂರಬೇಕು, ಆ ಹದಿನೈದು ನಿಮಿಷಕ್ಕೂ ಸಂಬಳ. ಅಡುಗೆಯವರೂ ಬಂದು ಕೂರುತ್ತಾರೆ. ಇನ್ನೊಂದು, ಪ್ರತಿಯೊಬ್ಬ ನಿವಾಸಿಗೂ ಒಂದು ಪುಟದ ಹಾಳೆ. ನೋವಾದರೆ ಇವರು ಏನು ಮಾಡುತ್ತಾರೆ, ಸಂಡಾಸಿಗೆ ಎಲ್ಲಿ ಮತ್ತು ಯಾವಾಗ ಹೋಗುತ್ತಾರೆ, ಯಾವ ಮಾತ್ರೆ ಯಾವ ಕಾರಣಕ್ಕೆ, ಯಾವುದಕ್ಕೆ ಹೆದರುತ್ತಾರೆ, ಯಾವುದರಿಂದ ಖುಷಿ. ಆಸ್ಪತ್ರೆಗೆ ಯಾರೇ ಕರೆದುಕೊಂಡು ಹೋಗಲಿ, ಆ ಹಾಳೆ ಇಲ್ಲದೆ ಗಾಡಿ ಹೊರಡಬಾರದು.

ಸಂಬಳದ ಮಾತು ಮಾತ್ರ ಇನ್ನೂ ಬಗೆಹರಿದಿಲ್ಲ. ಫ್ಯಾನಿಗೆ, ಊಟಕ್ಕೆ, ಟೈಲ್ಸಿಗೆ ದುಡ್ಡು ಕೊಡುವವರು ಸಿಗುತ್ತಾರೆ, ಏಕೆಂದರೆ ಅದಕ್ಕೆ ಹೆಸರು ಬರೆಸಬಹುದು. ರಾತ್ರಿ ಕಾಯುವವರ ಸಂಬಳಕ್ಕೆ ದಾನಿ ಸಿಗುವುದು ಕಷ್ಟ. ಹುಟ್ಟುಹಬ್ಬದ ಊಟದ ಬದಲು ಒಂದು ತಿಂಗಳ ರಾತ್ರಿಪಾಳಿಗೆ ಕೊಡಿ ಎಂದು ಟ್ರಸ್ಟಿನವರು ಈಗ ಕೇಳಲು ಶುರು ಮಾಡಿದ್ದಾರೆ. ಕೆಲವರು ಒಪ್ಪಿದ್ದಾರೆ, ವರ್ಷದ ಎಲ್ಲ ತಿಂಗಳಿಗೂ ಸಾಲುವಷ್ಟು ಇನ್ನೂ ಆಗಿಲ್ಲ.

ದೀಪಾವಳಿ ಮುಗಿದ ಮೇಲೆ ದೊಡ್ಡಣ್ಣನ ಥೈರಾಯ್ಡ್ ಮತ್ತೆ ನೋಡಿಸಬೇಕು. ಅದೇ ದಿನ ಉಳಿದ ಎಂಟು ಜನರ ಮಾತ್ರೆಗಳ ಪಟ್ಟಿಯನ್ನೂ ಡಾಕ್ಟರ ಮುಂದೆ ಇಟ್ಟು, ಇದು ಯಾವುದಕ್ಕೆ ಎಂದು ಒಂದೊಂದನ್ನೂ ಕೇಳುವುದು ಎಂದು ಮಾತಾಗಿದೆ. ಅವರಲ್ಲಿ ಒಬ್ಬರು ಕಳೆದ ತಿಂಗಳಿನಿಂದ ಬಲಗಿವಿಯನ್ನು ಹೊಡೆದುಕೊಳ್ಳುತ್ತಿದ್ದಾರೆ. ಅವರನ್ನು ಅಷ್ಟು ದಿನ ಕಾಯಿಸುವುದು ಬೇಡ ಎಂದು ಸೋಮವಾರವೇ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದಾರೆ. ಜೊತೆಗೆ ಅಡುಗೆಯವರು ಹೋಗುತ್ತಾರೆ, ಮೊದಲು ಗಮನಿಸಿದ್ದು ಅವರೇ.